ಕಾಗುಣಿತದ ತಪ್ಪು

ಗಾಜಿನ ಸಿರಿಂಜು ಒಂದೇ, ಸೂಜಿಯೂ ಒಂದೇ.
ಸ್ಟೌವಿನ ಮೇಲೆ ಕುದಿಯಬೇಕಾದ ನೀರು
ಬೆಚ್ಚಗಾಗುವಷ್ಟರಲ್ಲಿ ಮುಂದಿನ ತೋಳು.
ಮೀತ್ ಝಹ್ರಾನಿನ ಶಾಲೆಯಂಗಳದಲ್ಲಿ ನಲವತ್ತು ಹುಡುಗರು,
ನೈಲಿನ ಕಾಲುವೆಯಲ್ಲಿ ಮುಳುಗೆದ್ದು
ಕೆಂಪಗೆ ಉಚ್ಚೆ ಹೊಯ್ಯುತ್ತಿದ್ದವರು.
ಅಪ್ಪ ಹದಿನೇಳನೆಯವನು. ಅವನ ಅಂಗಿ ಹಿಡಿದು
ಹಿಂದೆ ನಿಂತವನು ಚಿಕ್ಕಪ್ಪ ದಸೂಕಿ.
ಅತ್ತವನು ಅಪ್ಪ.

ಬಸವನಹುಳುವಿನ ರೋಗ ಹೋಯಿತು.
ಸೂಜಿಮೊನೆಯಲ್ಲಿ ಕೂತು ಬಂದದ್ದು ಇನ್ನೊಂದು;
ಇಬ್ಬರ ಈಲಿಯೊಳಗೂ ಬಾಡಿಗೆ ಕೊಡದೆ
ನಲವತ್ತು ವರ್ಷ ಇತ್ತು,
ಒಮ್ಮೆಯೂ ಕೆಮ್ಮದೆ.

ನಾನು ಮನ್ಸೂರಾದ ಲ್ಯಾಬಿನಲ್ಲಿ
ಊರವರ ರಕ್ತಕ್ಕೆ ಚೀಟಿ ಅಂಟಿಸುವವಳು.
ಈಲಿಯ ಬಿಗುವು ಅಳೆಯುವ ಯಂತ್ರ
ಅಪ್ಪನ ಪಕ್ಕೆ ತಟ್ಟಿ ಹೇಳಿತು: ಇಪ್ಪತ್ತೆರಡು.
ಬಿಸಿಲಲ್ಲಿ ಮರೆತ ಚಪ್ಪಲಿಯ ತೊಗಲು.
ಚಿಕ್ಕಪ್ಪನದು ಐದು.
ಐದು!
ಬಸ್ಬೂಸಾ ಅಂಗಡಿಯವನು ಅವನು, ಸಂಜೆ ತಟ್ಟೆಯ ಪಾಕವನ್ನು
ಬೆರಳಲ್ಲಿ ಬಳಿದು ನೆಕ್ಕುವವನು.
ಪಂಪ್‌ಹೌಸಿನ ಕಾವಲಿನ ಅಪ್ಪನಿಗೆ
ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ, ಕಹಿ ಚಹಾ,
ಹೆಬ್ಬೆರಳಿನ ಮಾಯದ ಹುಣ್ಣು.
ಹಣೆಬರಹ ಅಂದಳು ಅಮ್ಮ ರತೀಬಾ,
ಹಣೆಯನ್ನೇ ಒರೆಸಿಕೊಳ್ಳುತ್ತಾ.

ಹಣೆಯಲ್ಲಲ್ಲಮ್ಮ, ರಕ್ತದಲ್ಲಿ.
ಮುನ್ನೂರು ಕೋಟಿ ಅಕ್ಷರ,
ಅದರಲ್ಲೊಂದು ಪಲ್ಲಟ.
ಚುಕ್ಕೆಯೊಂದು ಕೆಳಗಿನಿಂದ ಮೇಲೆ ಹೋದರೆ
ನಮ್ಮ ಬರಹದಲ್ಲೂ ಮಾತು ಬೇರೆಯಾಗುವುದಿಲ್ಲವೆ?
ಈಲಿ ಕೊಬ್ಬು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಗಾಯಗಟ್ಟುತ್ತದೆ.
ಹೀಗೆ ಬಿಡಿಸಿ ಹೇಳಿ ಗೆದ್ದೆನೆಂದುಕೊಂಡೆ.

ಮರುವಾರ ಚಿಕ್ಕಪ್ಪನ ಕೊಳವೆಯ ಫಲಿತಾಂಶ:
ಅದೇ ಜಾಗ, ಅದೇ ತಪ್ಪು.

ಡಾಕ್ಟರ್ ನಗ್ಲಾ ಕನ್ನಡಕ ತೆಗೆದು
ಬಹಳ ಹೊತ್ತು ಮೂಗು ಒತ್ತಿಕೊಂಡರು.
ಒಬ್ಬನ ಮೈಯಲ್ಲಿ ಅಕ್ಷರ ಮೌನವಾಗಿ ಬಿದ್ದಿತ್ತು,
ಇನ್ನೊಬ್ಬನಲ್ಲಿ ಸಕ್ಕರೆ ಅದನ್ನು
ಗಟ್ಟಿಯಾಗಿ ಓದಿತೇನೋ ಅಂದೆ.
ಇರಬಹುದು, ಅಂದರು. ಎರಡು ತೋಳು ಸಾಕ್ಷಿಯಾಗದು,
ಎರಡು ಸಾವಿರ ತೋಳು ಬೇಕು.

ಮೂರು ತಿಂಗಳ ಮಾತ್ರೆಗೆ ವೈರಸ್ಸು ಇಬ್ಬರನ್ನೂ ಬಿಟ್ಟಿತು.
ಗೋಡೆಯ ಬಿರುಕು ಬಾಡಿಗೆದಾರನ ಜೊತೆ ಹೋಗುವುದಿಲ್ಲ;
ಆರು ತಿಂಗಳಿಗೊಮ್ಮೆ ಅಪ್ಪ ಸ್ಕ್ಯಾನಿನ ಮಂಚವೇರಿ
ತಾನೇ ಅಂಗಿ ಎತ್ತುತ್ತಾನೆ.

ಸೂಜಿಯ ವಾರವೇ ಶಾಲೆ ಬಿಟ್ಟವನು.
ನಿನ್ನೆ ಕೇಳಿದ: ಆ ಅಕ್ಷರ ಎಲ್ಲಿದೆ, ತೋರಿಸು.
ವಿದ್ಯುತ್ ಬಿಲ್ಲಿನ ಹಿಂದೆ ಬರೆದೆ.
ಸಹಿ ಹಾಕುವವನಂತೆ ಹೆಬ್ಬೆಟ್ಟು ಊರಿದ.
ಅವ್ವ ಕೊಟ್ಟದ್ದೋ, ಅಪ್ಪ ಕೊಟ್ಟದ್ದೋ?
ಇಬ್ಬರೂ, ಅಂದೆ. ತಲಾ ಒಂದು.
ಹಾಗಾದರೆ ನನ್ನಲ್ಲೂ ಒಂದಿದೆ;
ಅದಕ್ಕೆ ಲ್ಯಾಬು ಬೇಕಿಲ್ಲ. ಅದನ್ನು ಹೇಳಲಿಲ್ಲ.

ಅಪ್ಪ ನಕ್ಕ, ಹುಳುಕು ಹಲ್ಲು ಕಾಣುವಷ್ಟು.
"ಜನ್ಮದಲ್ಲಿ ಒಂದು ಮಾತಿಗೂ ಒಪ್ಪದವರು
ಇದೊಂದಕ್ಕೆ ಒಪ್ಪಿದರಲ್ಲ!"
ನನ್ನ ಚಹಾಕ್ಕೆ ಅದ್ದಿದ್ದ ಎರಡನೆಯ ಚಮಚ
ಡಬ್ಬಿಯ ಅಂಚಿಗೆ ತಾಗಿ
ಸ್ವಲ್ಪ ಚೆಲ್ಲಿತು.