ಎಡಗಿವಿಯ ಹಿಂದೆ

ರಾತ್ರಿ ಒಂದೂವರೆಗೆ ಫೋನು.
ನಂಬರಿನ ತಲೆಯಲ್ಲಿ ಎಂಟು ಏಳು ಸೊನ್ನೆ,
ಯಾವ ದೇಶದ್ದೂ ಅಲ್ಲ ಅದು, ನೀರಿನದ್ದು.
ನನ್ನ ಮಾತು ಅಲ್ಲಿಗೆ ಮುಟ್ಟಲು ಒಂದು ಉಸಿರು ತಡ,
ಅವನದ್ದು ಇಲ್ಲಿಗೆ ಬರಲು ಇನ್ನೊಂದು.
"ಅಮ್ಮಾ, ನನಗೆ ಸಣ್ಣದಿರುವಾಗ
ಕೋಟ್ಲೆ ಬಿದ್ದಿತ್ತಾ?"

ಊಟ ಆಯ್ತಾ ಕೇಳಲಿಲ್ಲ. ನಿಮಿಷಕ್ಕೆ ದುಡ್ಡು.
ಇಪ್ಪತ್ತೊಂದು ಜನರ ಹಡಗು, ನೆಲಕ್ಕೆ ಇನ್ನೂ ಒಂಬತ್ತು ದಿನ,
ಡಾಕ್ಟರಿಲ್ಲ;
ಸೆಕೆಂಡ್ ಆಫೀಸರನ ಬೀಗದಲ್ಲಿ ಒಂದು ಔಷಧಿ ಕಪಾಟು,
ಒಂದು ದಪ್ಪ ಪುಸ್ತಕ.
ಇಂಜಿನ್ನಿಗೆ ಎಣ್ಣೆ ಬಿಡುವ ಬರ್ಮದ ಹುಡುಗನ ಬೆನ್ನಲ್ಲಿ
ಬೆಳಿಗ್ಗೆ ಮೂರು ನೀರ್ಗುಳ್ಳೆ,
ಸಂಜೆಗೆ ಲೆಕ್ಕ ತಪ್ಪಿತು.
ಅವನನ್ನು ಕೊನೆಯ ಕೋಣೆಯಲ್ಲಿಟ್ಟು
ಗಾಳಿ ಆಚೆ ಹೋಗದ ಹಾಗೆ ಕಂಡಿಗೆ ಟೇಪು ಅಂಟಿಸಿದ್ದಾರೆ.
ಈಗ ಅನ್ನ ಕೊಡಲಿಕ್ಕೆ ಒಬ್ಬ ಬೇಕು,
ಒಮ್ಮೆ ಬಿದ್ದು ಎದ್ದವನು.
ಕ್ಯಾಪ್ಟನ್ ಎಲ್ಲರನ್ನೂ ನಿಲ್ಲಿಸಿ ಕೇಳಿದರಂತೆ.
ಕೆಲವರು ಕೈ ಎತ್ತಿ ಇಳಿಸಿದರು.
ನನ್ನವನು ಅರ್ಧ ಎತ್ತಿದ.

ನಮ್ಮ ಮನೆಗೆ ಬಂದದ್ದು ಹೌದು.
ಕೊಯಿಪ್ಪಾಡಿ ಕಡಪ್ಪುರದಲ್ಲಿ
ಕಡಲು ಅಂಗಳದಿಂದ ಇನ್ನೂ ದೂರ ಇದ್ದ ವರ್ಷ.
ಚಾಪೆಗೆ ಬೇವಿನ ಎಲೆ, ಒಗ್ಗರಣೆ ಇಲ್ಲ,
ಮೀನಿನವರ ಮನೆಯಲ್ಲಿ ಮೀನು ಇಲ್ಲ!
ಆದರೆ ಚಾಪೆಯಲ್ಲಿ ಯಾರು?
ದೊಡ್ಡವನು ಭಾಸ್ಕರನಾ, ಈ ದಯಾಕರನಾ?
ತುರಿಸಬಾರದೆಂದು ಬಟ್ಟೆ ಸುತ್ತಿದ ಕೈ ನೆನಪುಂಟು,
ಕೈಯ ಮೇಲಿನ ಮುಖ ಇಲ್ಲ.

ಹೌದು ಅಂದರೆ ಆ ಬಾಗಿಲು ಇವನು ತೆಗೆಯುತ್ತಾನೆ.
ಇಲ್ಲ ಅಂದರೆ ಬೇರೆ ಯಾರದ್ದೋ ಮಗ.
ಗೊತ್ತಿಲ್ಲ ಅನ್ನಲಿಕ್ಕೆ
ಮೂವತ್ತೊಂದು ವರ್ಷ ತಾಯಿ ಆಗಬೇಕಿತ್ತಾ?

"ಹತ್ತು ನಿಮಿಷ ಬಿಟ್ಟು ಮಾಡು" ಅಂದೆ.
ಟಾರ್ಚು ಹಿಡಿದು ಬೇಲಿ ದಾಟಿ
ಆಯಿಸಾಬಿಯ ಕದ ಬಡಿದೆ.
ಆಗೆಲ್ಲ ಬೊಂಡ ಕೆತ್ತಿ ನಮ್ಮ ಮೆಟ್ಟಿಲಲ್ಲಿಟ್ಟು
ಕಿಟಕಿಯಲ್ಲಿ ಇಣುಕಿ ಗುಳ್ಳೆ ಎಣಿಸುತ್ತಿದ್ದವಳು.
ಕಣ್ಣು ಪೂರ್ತಿ ಬಿಡುವ ಮೊದಲೇ ಹೇಳಿದಳು:
"ಇಬ್ಬರಿಗೂ. ಮೊದಲು ಭಾಸ್ಕರನಿಗೆ,
ಅವನದ್ದು ಒಣಗುವಾಗ ಚಿಕ್ಕವನಿಗೆ.
ಅಷ್ಟರಲ್ಲಿ ನಿನಗೇ ಬಿದ್ದಿತ್ತಲ್ಲ ಮಾರಾಯ್ತಿ,
ಜ್ವರದಲ್ಲಿ ನನ್ನನ್ನೇ ಯಾರು ಅಂತ ಕೇಳಿದ್ದಿ.
ಅವನ ಎಡಗಿವಿಯ ಹಿಂದೆ ಒಂದು ಕುಳಿ ಉಂಟು,
ಯಾರಾದರೂ ನೋಡಲಿ."

ಯಾವುದೋ ಸಮುದ್ರದ ನಡುವೆ ಯಾರೋ
ನನ್ನ ಮಗನ ಕಿವಿ ಮಡಚಿ ಬೆಳಕು ಬಿಟ್ಟರು.
ಒಂದು ಉಸಿರು.
ಇನ್ನೊಂದು.
"ಉಂಟು ಅಮ್ಮಾ."

ಆಮೇಲೆ ಎರಡು ದಿನಕ್ಕೊಮ್ಮೆ ಸುದ್ದಿ.
ಬೇರೆ ತಟ್ಟೆ, ಬೇರೆ ಲೋಟ, ಬಟ್ಟೆಗೆ ಬಿಸಿನೀರು,
ಹೊತ್ತು ಹೊತ್ತಿಗೆ ಜ್ವರ ನೋಡಿ ಪುಸ್ತಕದಲ್ಲಿ ಬರೆಯುವುದು,
ಉಳಿದವರು ದಿನಾ ಅಂಗಿ ಬಿಚ್ಚಿ
ಒಬ್ಬರ ಬೆನ್ನು ಒಬ್ಬರು ನೋಡುವುದು.
ಅಡುಗೆಯವನಿಗೆ ಒಗ್ಗರಣೆ ಬೇಡ ಅನ್ನು ಅಂದೆ, ನಕ್ಕ.
"ಆ ಹುಡುಗನ ತಾಯಿಗೆ ಯಾರಾದರೂ ಫೋನು ಮಾಡಿದ್ರಾ?"
"ಕಂಪೆನಿಗೆ ಇ-ಮೇಲ್ ಹೋಗಿದೆ."
"ಕಂಪೆನಿಯಾ ಅವನನ್ನು ಹೆತ್ತದ್ದು?"
ಆ ಸಲ ಮೌನ ಎರಡು ಉಸಿರಿಗಿಂತ ಉದ್ದ ಇತ್ತು.
ಮರುದಿನ ಹೇಳಿದ:
ಬಾಗಿಲ ಸಂದಿಯಲ್ಲಿ ಫೋನು ಕೊಟ್ಟೆ,
ಭಾಷೆ ಒಂದೂ ತಿಳಿಯಲಿಲ್ಲ,
ಅಳು ಮಾತ್ರ ನಮ್ಮದೇ.

ಮೂರು ವಾರದ ಮೇಲೆ ಒಂದು ಫೋಟೊ:
ಬಂದರಿನ ಹೊರಗೆ, ಕಂಬದಲ್ಲಿ ಹಳದಿ ಬಾವುಟ.
ನನ್ನ ಎದೆ ಧಸಕ್ಕೆಂದಿತು.
ಹೆದರಬೇಡ, ಅಂದ,
ಹಿಂದೆ ಅದಕ್ಕೆ ಇಲ್ಲಿ ರೋಗ ಉಂಟು ಅಂತ ಅರ್ಥ,
ಈಗ ಎಲ್ಲರೂ ಗುಣ, ಒಳಗೆ ಬಿಡಿ ಅಂತ.

ಅರಸಿನ ನೀರು ಮಿಂದ ಮೇಲೆಯೇ ನಾವೂ
ಅಂಗಳಕ್ಕೆ ಇಳಿದದ್ದು.
ಆಯಿಸಾಬಿ ಫೋಟೊವನ್ನು ಮೂಗಿನ ಹತ್ತಿರ ಹಿಡಿದು
ತುಂಬ ಹೊತ್ತು ನೋಡಿದಳು.
"ಬಣ್ಣ ಸಾಲದು," ಅಂದಳು,
"ಇನ್ನೊಂದು ಸಲ ಅದ್ದಬೇಕಿತ್ತು."