ಹಾ, ಗೈ

ನಾಲ್ಕು ವಾಯಿದೆ ಮುಗಿದವು.
ಹಾಜರಿ ಪುಸ್ತಕವನ್ನು ಹಾಜರುಪಡಿಸಬೇಕೆಂದು
ನನ್ನ ವಕೀಲರು ಅರ್ಜಿ ಹಾಕಿದಾಗಿನಿಂದ
ಪುಸ್ತಕವೇ ಗೈರು.

ಮೊದಲ ಸಲ, ಗೆದ್ದಲು ತಿಂದಾವ ಅಂದರು.
ಆಮೇಲೆ, ಆಡಿಟರ ಹತ್ರ ಅದ, ಅವರು ಹೈದರಾಬಾದಿಗೆ ಹೋಗ್ಯಾರ.
ಮೂರನೆಯದಕ್ಕೆ, ಇಂಥ ಮನುಷ್ಯ ನಮ್ಮಲ್ಲಿ ಇದ್ದದ್ದೇ ಇಲ್ಲ.
ನಾಲ್ಕನೆಯದಕ್ಕೆ ಯಾರೂ ಬರಲಿಲ್ಲ.

ಗೆದ್ದಲಿಗೇನು ಗೊತ್ತು ಆ ಕಪಾಟು?
ಕಾಟಾದ ಹಿಂದಿನ ಕೋಣೆ, ಮೇಲಿನಿಂದ ಎರಡನೇ ಖಾನೆ;
ಅದರ ಬೀಗಕ್ಕೆ ಎಣ್ಣೆ ಬಿಡುತ್ತಿದ್ದವನು ನಾನು.
ಹತ್ತಿಕಾಳೆಣ್ಣೆ ಗಿರಣಿಯಲ್ಲಿ ಹದಿನಾಲ್ಕು ವರ್ಷ
ಕೆಂಪು ರಟ್ಟಿನ ಆ ಪುಸ್ತಕ ಬರೆದವನು.
ಬಂದವರಿಗೆ ಹಾ. ಬಾರದವರಿಗೆ ಗೈ.

ಐದನೇ ವಾಯಿದೆಗೆ ಬಂತು.
ರಾಯಚೂರಿನ ಏಪ್ರಿಲ್, ಮಧ್ಯಾಹ್ನ.
ಅತ್ತ ಶಕ್ತಿನಗರದಲ್ಲಿ ಊರೂರಿಗೆ ಕರೆಂಟು ಮಾಡುತ್ತಾರೆ,
ಇತ್ತ ಕೋರ್ಟಿನ ಫ್ಯಾನು ನಿಂತಿತ್ತು.
ಬಟ್ಟೆಯ ಗಂಟು ಬಿಚ್ಚಿದರು. ಹಿಂಡಿಯ ವಾಸನೆ
ನನಗಿಂತ ಮೊದಲು ನನ್ನ ಗುರುತು ಹಿಡಿಯಿತು.

ಅವರ ವಕೀಲರಿಗೆ ಅವಸರವಿರಲಿಲ್ಲ.
ಈ ಅಕ್ಷರ ಯಾರದು?
ನಂದು.
ಇದು?
ನಂದೇ ರೀ.
ಹಂಗಾರ ನಿಮ್ಮ ಹೆಸರಿನ ಮುಂದ ಈ ವರ್ಷ ಎಷ್ಟು ಹಾ ಅದಾವ,
ಎಣಿಸಿ ಹೇಳ್ರಿ.

ಎಣಿಸುವುದೇನು. ಇನ್ನೂರ ಮೂವತ್ತೆಂಟು.
ಪ್ರತಿ ವರ್ಷವೂ ಅಷ್ಟೇ.
ಇನ್ನೂರ ನಲವತ್ತು ಮುಟ್ಟಿತಂದ್ರ ಕಾನೂನು ಎದ್ದು ಕೂಡತದ,
ಮುಟ್ಟಿಸಬ್ಯಾಡ ಅಂದಿದ್ದರು ಸಾವ್ಕಾರರು,
ಚಹಾ ತರಿಸಿ, ಬಸಿಯನ್ನು ತಾವೇ ನನ್ನ ಕಡೆ ಸರಿಸಿ.

ಹಾಗೆ ವರ್ಷದ ಕೊನೆಗೆ
ಎದುರಿಗಿದ್ದವರನ್ನು ಇಲ್ಲ ಮಾಡಿದೆ. ಹುಸೇನಪ್ಪನನ್ನು,
ಬಾಯ್ಲರಿನ ಮೌಲಾಲಿಯನ್ನು.
ತಾಯಮ್ಮನ ಸೆರಗು ಪಟ್ಟಿಗೆ ಸಿಕ್ಕು
ಎರಡು ಬೆರಳು ಹೋದವಲ್ಲ, ಆ ದಿನದ ಚೌಕದಲ್ಲೂ
ನನ್ನ ದುಂಡಗಿನ ಅಕ್ಷರದ ಗೈ.
ಯಾರಿಗೂ ಅನುಮಾನ ಬಾರದಿರಲೆಂದು
ನನ್ನ ಹೆಸರಿಗೂ ಹಾಕಿಕೊಂಡೆ.

ನನ್ನ ವಕೀಲರು ಎದ್ದರು. ಚಿಕ್ಕ ವಯಸ್ಸು,
ಕೋಟಿನ ತೋಳು ಉದ್ದ.
ಸ್ವಾಮಿ, ಇವರು ಗೈರಾದ ದಿನ
ಆ ಪುಟದ ಉಳಿದ ಮೂವತ್ತು ಚೌಕ ಯಾರ ಕೈಬರಹ?

ಯಾರೋ ಕೆಮ್ಮಿದರು.
ಬಾರದ ದಿನವೆಲ್ಲ ಬಂದಿದ್ದೆನೆಂದು
ನನ್ನ ಶಾಯಿಯೇ ಹೇಳುತ್ತಿತ್ತು.
ಸಾವ್ಕಾರರು ಕನ್ನಡಕ ತೆಗೆದು ಒರೆಸಿಕೊಂಡರು.
ಗೆದ್ದೆವು ಎಂದು ವಕೀಲರು ಪಿಸುಗುಟ್ಟಿದರು.

ಖರೆ. ಆದರೆ ಒಂದು ಗೈ ಸುಳ್ಳಾದರೆ
ಉಳಿದವನ್ನು ಹೇಗೆ ಮುಚ್ಚಿಟ್ಟುಕೊಳ್ಳಲಿ?
ಇನ್ನೂ ಅದಾವ ರೀ, ಅಂದೆ, ಬರಕೋರಿ.
ಸಾಕು ಕೂಡ್ರಿ ಎಂದು ಜುಬ್ಬ ಜಗ್ಗಿದರು ವಕೀಲರು.
ಕೂಡಲಿಲ್ಲ.
ತಾಯಮ್ಮ, ಅಂದೆ. ಹಾ.

ಟೈಪ್ ಮಾಡುವ ಹುಡುಗಿ ತಲೆ ಎತ್ತಿ
ಮನೆತನದ ಹೆಸರು ಕೇಳಿದಳು, ಯಾವ ಓಣಿ ಎಂದಳು.

ಗಿರಣಿಯಲ್ಲಿ ಇಬ್ಬರು ತಾಯಮ್ಮರಿದ್ದರು.
ಪುಸ್ತಕದಲ್ಲಿ ನಾನು ಬರೆದದ್ದು
ತಾಯಮ್ಮ ೨,
ಅಷ್ಟೇ.