ಮೂರನೇ ಅಂಕದ ಬೀರು

ಜುಲೈ ತಿಂಗಳಲ್ಲಿ ಹಾಪ್ಸಲುವಿನ ಕತ್ತಲೆಗೆ ಬಲು ಬಿಗುಮಾನ.
ರಾತ್ರಿ ಹನ್ನೊಂದಾದರೂ ಆಕಾಶ ನೀರುಹಾಲು.
ಕೋಟೆಗೋಡೆಗೆ ಕಟ್ಟಿದ ಪರದೆಯ ಮೇಲೆ
ನಾಯಕಿಗೆ ಕಣ್ಣು ಮೂಗು ಮೂಡುವಷ್ಟರಲ್ಲಿ
ಅವಳ ಮದುವೆ ಮುರಿದಿರುತ್ತದೆ.
ಅರ್ಧ ಚಿತ್ರ ಬರೀ ದನಿ ಕೇಳಿ ಬಂದವರು
ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ
ಕರಿರೊಟ್ಟಿಗೆ ಬೆಣ್ಣೆ ಸವರುತ್ತ ಹೇಳುತ್ತಾರೆ:
"ಛಾಯಾಗ್ರಹಣ ಅದ್ಭುತ."

ನಾನು ಹೆಲ್ವೆ. ಮಹಡಿಯ ಮೂರು ಕೋಣೆ
ರಜೆಗೆ ಬಂದವರಿಗೆ ಬಾಡಿಗೆಗೆ ಕೊಡುತ್ತೇನೆ,
ಕಾಫಿ ಬಗ್ಗಿಸುತ್ತೇನೆ, ಬಾಯಿ ಹಾಕುವುದಿಲ್ಲ.
ಇಪ್ಪತ್ತೆರಡು ಬೇಸಿಗೆಯಲ್ಲಿ ನಾನು ಬಿಟ್ಟ ಚಿತ್ರವಿಲ್ಲ,
ಎಲ್ಲವೂ ಇದೇ ಮೇಜಿನ ಸುತ್ತ ನೋಡಿದ್ದು.
ಒಂದೇ ಕಥೆಯಲ್ಲಿ, ಕಿಟಕಿ ಪಕ್ಕ ಕೂತವರಿಗೆ ನಾಯಕ ಸತ್ತ,
ಒಲೆ ಪಕ್ಕದವರಿಗೆ ಹಡಗು ಹತ್ತಿದ.
ನನ್ನ ಮಟ್ಟಿಗೆ ಹಡಗು ಹತ್ತಿ ಸತ್ತ.

ಈ ವರ್ಷ ನಾಟಕ. ಊರಾಚೆ,
ಮೊದಲು ಹುಲ್ಲು ತುಂಬುತ್ತಿದ್ದ ಮರದ ಕೊಟ್ಟಿಗೆಯಲ್ಲಿ.
ಮೇ ತಿಂಗಳಲ್ಲಿ ಟಾವಿ ಅನ್ನುವ ಹುಡುಗ ಬಂದು
ಹಳೆಯ ಬೀರು ಇದೆಯಾ ಅಂತ ಕೇಳಿದ.
ಇತ್ತು. ಅಮ್ಮನದು. ಪೈನ್ ಮರ,
ಮೂರು ಸಲ ಕಂದು, ಎರಡು ಸಲ ನೀಲಿ ಬಳಿಸಿಕೊಂಡದ್ದು.
ಒಳಗಿದ್ದ ಚಳಿಗೋಟು, ಮೀನು ಹಿಡಿಯುವ ಬೂಟು ತೆಗೆದೆ.
"ಎರಡು ಟಿಕೆಟ್ಟು ಕಳಿಸ್ತೀವಿ" ಅಂದ.
ಬೂಟುಗಳನ್ನು ನೋಡಿದೆ. ಒಂದು ಸಾಕು ಅಂದೆ.

ಜೂನ್ ಕೊನೆಯಿಂದ ಬೀರುವಿನದೇ ಮಾತು.
ಟಾರ್ಟುವಿನ ಪ್ರಾಧ್ಯಾಪಕ ಕಾಲ್ಯು ಮೊಟ್ಟೆ ಒಡೆಯುತ್ತ,
"ಆ ಬೀರು ಅಂದರೆ ಪ್ರಭುತ್ವ."
ಹೆಂಡತಿ ವೈಕೆ, "ಪ್ರಭುತ್ವಕ್ಕೆ ಬೀಗ ಇರೋದಿಲ್ಲವೆ?
ಅದು ಮದುವೆ. ನೋಡಿ, ಬಾಗಿಲು ಕೂಡೋದೇ ಇಲ್ಲ."
ಟಾಲಿನ್ನಿನ ಹಲ್ಲುವೈದ್ಯೆ ಮೆರಿಕೆಗೆ ಬಣ್ಣ ಹಿಡಿಸಲಿಲ್ಲ:
"ಹಳೆಯದಾಗಿ ಕಾಣಲಿ ಅಂತ ಕೆರೆದಿದ್ದಾರೆ, ಸುಳ್ಳು ಎದ್ದು ಕಾಣುತ್ತೆ.
ಅಂಥ ಬೀರು ಯಾರ ಮನೆಯಲ್ಲೂ ಇರೋದಿಲ್ಲ."
ರೀಗಾದಿಂದ ಬಂದ ಅಕ್ಕತಂಗಿಯರಿಗೆ ನಮ್ಮ ಭಾಷೆ ಬಾರದು,
"ಮಾತು ತಿಳಿಯದ್ದಕ್ಕೇ ಅಭಿನಯ ಕಂಡಿತು,"
ಅಂತ ಕೈಸನ್ನೆಯಲ್ಲೇ ವಿಮರ್ಶೆ ಮುಗಿಸಿ
ಇನ್ನಷ್ಟು ಜಾಮ್ ಕೇಳಿದರು.
ವೈದ್ಯೆಯ ಮಗ, ಒಂಬತ್ತರ ಊಕು ಮಾತ್ರ ಹೇಳಿದ:
"ಸತ್ತವನು ಉಸಿರಾಡುತ್ತಿದ್ದ. ನಲವತ್ತು ಸಲ. ಎಣಿಸಿದೆ."
ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ.

ಆಗಸ್ಟ್. ಕೊನೆಯ ಆಟ. ನಾನೂ ಹೋದೆ.
ಹಿಂದಿನ ಬೆಂಚು, ಪಾದಕ್ಕೆ ಸೊಳ್ಳೆ,
ಜಂತಿಯಿಂದ ಜಂತಿಗೆ ಒಂದು ಕವಲುತೋಕೆ ಹಕ್ಕಿ
ಎಲ್ಲರಿಗಿಂತ ಸರಿಯಾದ ಹೊತ್ತಿಗೆ ಪ್ರವೇಶ ಮಾಡುತ್ತಿತ್ತು.
ಸಂಭಾಷಣೆ? ಗೊತ್ತಿಲ್ಲ. ಕೇಳಿಸಿಕೊಳ್ಳಲಿಲ್ಲ.
ನನ್ನ ಕಣ್ಣು ಎಡಬಾಗಿಲ ತಿರುಗಣಿಯ ಮೇಲೆ.
ಅದು ನಾನು ಶಾಲೆಗೆ ಹೋಗುವಾಗಲೇ ಸಡಿಲ.
ಅಮ್ಮ ಮೊಣಕಾಲಿಂದ ತುಸು ಎತ್ತಿ,
ನಿದ್ದೆಹೋದ ಮಗುವಿನ ತಲೆ ದಿಂಬಿಗಿಡುವ ಹಾಗೆ
ಮುಚ್ಚುತ್ತಿದ್ದಳು.
ಮೂರನೇ ಅಂಕ. ಗಂಡ ಬಂದ, ತೆಗೆದ, ದಢಾರನೆ ಬಡಿದ.
ಪ್ರಿಯಕರ ಬಂದ, ಅವನೂ ಬಡಿದ.
ಜನ ನಕ್ಕರು. ನನ್ನ ಹಲ್ಲು ಕಟಕಟ ಅಂದಿತು.

ಆಮೇಲೆ ದೀಪ ಇಳಿಯುವಾಗ ಕೆಲಸದ ಹುಡುಗಿ,
ಇಡೀ ನಾಟಕದಲ್ಲಿ ಒಂದು ಮಾತೂ ಇಲ್ಲದವಳು,
ಚೂರಾದ ಪಿಂಗಾಣಿ ಗುಡಿಸಿ ಹೋಗುತ್ತ
ತೂಗಾಡುವ ಬಾಗಿಲ ಬಳಿ ನಿಂತಳು.
ಮೊಣಕಾಲು ಕೊಟ್ಟಳು. ತುಸು ಎತ್ತಿದಳು.
ಸದ್ದೇ ಇಲ್ಲ.

ಮರುದಿನ ಮೇಜಿನಲ್ಲಿ ಮತ್ತೆ ಪ್ರಭುತ್ವ, ಮತ್ತೆ ಮದುವೆ
(ಈ ಜೋಡಿ ರಜೆ ಮುಗಿಯುವ ಮುನ್ನ ಎರಡನೇ ಸಲ ನೋಡಿ ಬಂದಿತ್ತು).
ಕೆಟಲ್ ಕೆಳಗಿಟ್ಟೆ. ಇಪ್ಪತ್ತೆರಡು ಬೇಸಿಗೆಯ ಮೇಲೆ
ಬಾಯಿ ತೆರೆದೆ:
"ಕೊನೆಗೆ ಆ ಹುಡುಗಿ ಬಾಗಿಲು ಹಾಕಿದಳಲ್ಲ..."

ಪ್ರಾಧ್ಯಾಪಕರ ಚಮಚ ನಿಂತಿತು.
ವೈಕೆ ಗಂಡನ ಮುಖ ನೋಡಿದಳು.
ಬೇಸಿಗೆಯುದ್ದಕ್ಕೂ ಮೊದಲ ಬಾರಿ
ಇಬ್ಬರೂ ಒಮ್ಮತದಿಂದ ಕೇಳಿದರು:
"ಯಾವ ಹುಡುಗಿ?"